ಪಿಸ್ತೂಲು ಅದೇ, ಗುಂಡು ಮಾತ್ರ ಬೇರೆ

ಎರಡು ಕಾಟ್ರಿಜ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದ್ದೀರಿ ಅಂದುಕೊಳ್ಳಿ. ಒಂದು .38 ಎಸಿಪಿ (.38 ಅಂದರೆ ಸುಮಾರಾಗಿ ಗುಂಡಿನ ದಪ್ಪ, ಇಂಚಿನಲ್ಲಿ). ಅಮೆರಿಕದ ಕೋಲ್ಟ್ ಕಂಪನಿ 1900ರಲ್ಲಿ ತನ್ನ ಪಿಸ್ತೂಲಿನ ಜೊತೆ ತಂದದ್ದು. ಇನ್ನೊಂದು .38 ಸೂಪರ್. ಅದೇ ಕಂಪನಿ 1929ರಲ್ಲಿ ತಂದದ್ದು. ಅಳತೆಪಟ್ಟಿ ಹಿಡಿದು ನೋಡಿದರೂ ವ್ಯತ್ಯಾಸ ಸಿಗುವುದಿಲ್ಲ. ಅದೇ ಉದ್ದ, ಅದೇ ದಪ್ಪ. ಒಳಗೆ ತುಂಬಿದ ಮದ್ದು ಮಾತ್ರ ಬೇರೆ. 1900ರ ಪಿಸ್ತೂಲಿಗೆ 1929ರ ಕಾಟ್ರಿಜ್ ಸಲೀಸಾಗಿ ಕೂರುತ್ತದೆ. ಟ್ರಿಗರ್ ಎಳೆದರೆ ಹಾರುತ್ತದೆ ಕೂಡ. ತೊಂದರೆ ಇರುವುದೇ ಅಲ್ಲಿ.

ಆ ಹಳೇ ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡುವ ಉಕ್ಕಿನ ತುಂಡು ಇದೆ. ಅದಕ್ಕೆ ಸ್ಲೈಡ್ ಅನ್ನುತ್ತಾರೆ. ಅದು ಚೌಕಟ್ಟು ಬಿಟ್ಟು ಹಿಂದಕ್ಕೆ ಹಾರದ ಹಾಗೆ ಮುಂಭಾಗದಲ್ಲಿ ಅಡ್ಡಲಾಗಿ ಒಂದು ಸಣ್ಣ ಬೆಣೆ ಹಾಕಿದ್ದರು. .38 ಎಸಿಪಿಗೆ ಆ ಬೆಣೆ ಸಾಕಿತ್ತು. ಸೂಪರ್‌ನ ಏಟಿಗೆ ಅದು ಕಿತ್ತುಬಂದರೆ ಸ್ಲೈಡ್ ಹೋಗುವುದು ಎಲ್ಲಿಗೆ? ನೇರ ಗುಂಡು ಹಾರಿಸಿದವನ ಮುಖಕ್ಕೆ.

ಪಿಸ್ತೂಲಿಗೆ ಇನ್ನೂ ಜೋರಾದ ಕಾಟ್ರಿಜ್ ಹಾಕುವ ಆಸೆ ಪಿಸ್ತೂಲಿನಷ್ಟೇ ಹಳೇದು. ಕೆಲವು ಸಲ ಅದು ಚೆನ್ನಾಗಿಯೇ ಕೈಹಿಡಿದಿದೆ. ಕೆಲವು ಸಲ ಚೌಕಟ್ಟೇ ಸೀಳಿದೆ. ಯಾಕೆ ಹೀಗೆ ಅನ್ನುವುದಕ್ಕೆ ಮೊದಲು ಒಳಗೆ ನಡೆಯುವುದೇನು ಅಂತ ನೋಡೋಣ.

ಪತ್ರಿಕೆಯಲ್ಲಿ "ಐದು ಜೀವಂತ ಗುಂಡು ವಶ" ಅಂತ ಬರುತ್ತಲ್ಲ, ಅಲ್ಲಿ ಗುಂಡು ಅಂದರೆ ಇಡೀ ಕಾಟ್ರಿಜ್. ಹಳಬರು ಇದನ್ನೇ ಕಾಡತೂಸು, ತೋಟಾ ಅನ್ನುತ್ತಿದ್ದರು. ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಬಾಯಿಗೆ ಸಿಕ್ಕಿಸಿದ ಸೀಸದ ತುಂಡು. ಆ ತುದಿಯ ತುಂಡೇ ಸರಿಯಾದ ಅರ್ಥದಲ್ಲಿ ಗುಂಡು. (ಇನ್ನೊಂದು ಗುಂಡೂ ಇದೆ, ಸಂಜೆ ಏಳರ ಮೇಲೆ ನೆನಪಾಗುವಂಥದ್ದು. ಅದು ಇಲ್ಲಿ ಬೇಡ.)

ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಅಂದರೆ ಒಂದು ಸಲ ಟ್ರಿಗರ್ ಎಳೆದರೆ ಒಂದೇ ಗುಂಡು. ಆದರೆ ಖಾಲಿ ಕೊಳವೆಯನ್ನು ಹೊರಗೆ ಎಸೆದು, ಮುಂದಿನ ಕಾಟ್ರಿಜ್ಜನ್ನು ಬಾಯಿಗೆ ತಳ್ಳಿಕೊಳ್ಳುವ ಕೆಲಸವನ್ನು ಪಿಸ್ತೂಲು ತಾನೇ ಮಾಡಿಕೊಳ್ಳುತ್ತದೆ. ಅದಕ್ಕೆ ಬ್ಯಾಟರಿ ಇಲ್ಲ, ಮೋಟಾರ್ ಇಲ್ಲ. ಗುಂಡು ಮುಂದಕ್ಕೆ ಹೋಗುವಾಗ ಹಿಂದಕ್ಕೆ ಒದೆಯುತ್ತದಲ್ಲ, ಆ ಒದೆತವೇ ಎಲ್ಲ ಕೆಲಸ ಮಾಡಿಸುತ್ತದೆ. ಹಾಗಾಗಿ ಕಾಟ್ರಿಜ್ ಅನ್ನುವುದು ಪಿಸ್ತೂಲು ಹೊರಗೆ ಎಸೆಯುವ ವಸ್ತು ಮಾತ್ರ ಅಲ್ಲ, ಪಿಸ್ತೂಲಿನ ಇಂಜಿನ್ ಕೂಡ ಅದೇ. ಅದನ್ನು ಬದಲಿಸುವುದು ಲೂನಾಗೆ ಬುಲೆಟ್ ಬೈಕಿನ ಇಂಜಿನ್ ಕೂರಿಸಿದ ಹಾಗೆ. ಹೇಗೋ ಮಾಡಿ ಕೂರಿಸಬಹುದು. ಆಮೇಲೆ ಚೈನು, ಬ್ರೇಕು, ಚಾಸಿ ಒಂದೊಂದಾಗಿ ದೂರು ಹೇಳಲು ಶುರು ಮಾಡುತ್ತವೆ.

ಒಳಗಿನ ಒತ್ತಡದ ಅಂದಾಜು ಬೇಕಾದರೆ ಅಡುಗೆಮನೆಗೆ ಹೋಗಿ. ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿನ ಒತ್ತಡ ಸುಮಾರು 15 ಪಿಎಸ್‌ಐ, ಅಂದರೆ ಒಂದೊಂದು ಚದರ ಇಂಚಿನ ಮೇಲೂ 15 ಪೌಂಡ್ ಭಾರ. ಅಷ್ಟಕ್ಕೇ ನಾವು ಮುಚ್ಚಳದ ಹತ್ತಿರ ಹೋಗಲು ಹಿಂದೆಮುಂದೆ ನೋಡುತ್ತೇವೆ. ಅಮೆರಿಕದ ಹಳೇ ಮಿಲಿಟರಿ ಕಾಟ್ರಿಜ್ .45 ಎಸಿಪಿಗೆ ಅಲ್ಲಿನ ತಯಾರಕರು ಹಾಕಿಕೊಂಡ ಮಿತಿ 21,000 ಪಿಎಸ್‌ಐ. ಅಂದರೆ 1,400 ಕುಕ್ಕರ್. ಪಿಸ್ತೂಲುಗಳ ಲೋಕದಲ್ಲಿ ಇದು ಕಡಿಮೆ ಒತ್ತಡ! 9 ಎಂಎಂನ ಮಿತಿ 35,000. ಆರಂಭದಲ್ಲಿ ಹೇಳಿದ ಜೋಡಿಯಲ್ಲಿ .38 ಎಸಿಪಿಗೆ 26,500, .38 ಸೂಪರ್‌ಗೆ 36,500. ಹೊರಗಿನಿಂದ ಅವಳಿಗಳು, ಒಳಗೆ ಹತ್ತು ಸಾವಿರದ ಅಂತರ.

ಈ ಒತ್ತಡವನ್ನು ತಡೆದು ನಿಲ್ಲಿಸುವುದು ಬ್ಯಾರೆಲ್‌ನ ಉಕ್ಕು. ಆದರೆ ಹಿಂಬದಿಯಲ್ಲಿ ಸೀಲ್ ಮಾಡುವುದು ಮೆತ್ತಗಿನ ಹಿತ್ತಾಳೆ ಕೊಳವೆ. ಕುಕ್ಕರ್‌ನ ಗ್ಯಾಸ್ಕೆಟ್ ಇದ್ದ ಹಾಗೆ. ಗ್ಯಾಸ್ಕೆಟ್ ಎಷ್ಟೇ ಹೊಸದಿದ್ದರೂ ಅದಕ್ಕೆ ಸುತ್ತಲೂ ಲೋಹದ ಆಸರೆ ಬೇಕು. ಎಷ್ಟೋ ಪಿಸ್ತೂಲುಗಳಲ್ಲಿ ಈ ಆಸರೆ ಒಂದು ಕಡೆ ಸ್ವಲ್ಪ ತಪ್ಪಿರುತ್ತದೆ. ಮ್ಯಾಗಜೀನ್‌ನಿಂದ (ಹಿಡಿಯೊಳಗೆ ಕಾಟ್ರಿಜ್‌ಗಳನ್ನು ಸಾಲಾಗಿ ತುಂಬಿಡುವ ಪೆಟ್ಟಿಗೆ) ಮೇಲೆ ಬರುವ ಕಾಟ್ರಿಜ್ ಬ್ಯಾರೆಲ್ ಒಳಗೆ ಜಾರಲು ಕೆಳಗಡೆ ಒಂದು ಇಳಿಜಾರು ಕೊರೆದಿರುತ್ತಾರೆ. ಆ ಜಾಗದಲ್ಲಿ ಕೊಳವೆಯ ತಳದ ಒಂದು ಚೂರು ಬರಿ ಗಾಳಿಗೆ ಒಡ್ಡಿಕೊಂಡಿರುತ್ತದೆ. ಮಿತಿಯೊಳಗೆ ಇದ್ದರೆ ಹಿತ್ತಾಳೆ ತಾಳಿಕೊಳ್ಳುತ್ತದೆ. ಮಿತಿ ಮೀರಿದರೆ ಅಲ್ಲಿ ಹೊಟ್ಟೆ ಉಬ್ಬುತ್ತದೆ. ಇನ್ನೂ ಮೀರಿದರೆ ಒಡೆಯುತ್ತದೆ. ಒಡೆದ ಗ್ಯಾಸು ಮ್ಯಾಗಜೀನ್ ಕಡೆಗೆ, ಕೈ ಕಡೆಗೆ, ಕೆಲವೊಮ್ಮೆ ಮುಖದ ಕಡೆಗೆ ನುಗ್ಗುತ್ತದೆ.

ಒತ್ತಡದ ವಿಷಯ ಆಯಿತು. ಇನ್ನು ಒದೆತ. ಇವೆರಡು ಒಂದೇ ಅಲ್ಲ. ಬಹಳ ಜನ ಎಡವುವುದು ಇಲ್ಲೇ.

.32ರಂಥ ಸಣ್ಣ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಬೀಗ ಇರುವುದಿಲ್ಲ. ಸ್ಲೈಡ್‌ನ ತೂಕ, ಅದರ ಹಿಂದೆ ಒಂದು ಸ್ಪ್ರಿಂಗ್, ಅಷ್ಟೇ. ಗುಂಡು ಹೊರಗೆ ಹೋಗಿ ಒತ್ತಡ ಇಳಿಯುವ ತನಕ ತೂಕದ ಜಡತನವೇ ಬಾಗಿಲನ್ನು ಮುಚ್ಚಿ ಹಿಡಿದಿರುತ್ತದೆ. ಇದನ್ನು ಬ್ಲೋಬ್ಯಾಕ್ ಅನ್ನುತ್ತಾರೆ. ಇದೇ ಉಪಾಯವನ್ನು ದೊಡ್ಡ ಕಾಟ್ರಿಜ್‌ಗೆ ಬಳಸಿದರೆ ಸ್ಲೈಡ್ ಇಟ್ಟಿಗೆಯಷ್ಟು ದಪ್ಪ ಬೇಕಾಗುತ್ತದೆ. ಅದಕ್ಕೆ ಅಮೆರಿಕದ ಜಾನ್ ಬ್ರೌನಿಂಗ್ ಬೇರೆ ದಾರಿ ಹುಡುಕಿದರು. ಬ್ಯಾರೆಲ್ ಮತ್ತು ಸ್ಲೈಡ್ ಎರಡನ್ನೂ ಹಲ್ಲಿಗೆ ಹಲ್ಲು ಕಚ್ಚಿಸಿ ಬೀಗ ಹಾಕಿದರು. ಗುಂಡು ಹಾರಿದಾಗ ಎರಡೂ ಒಟ್ಟಿಗೆ ಎರಡು ಮೂರು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಹೊರಗೆ. ಆಮೇಲೆ ಬ್ಯಾರೆಲ್‌ನ ಹಿಂಭಾಗ ಕೆಳಗೆ ಬಾಗಿ ಬೀಗ ಬಿಡಿಸಿಕೊಳ್ಳುತ್ತದೆ, ಸ್ಲೈಡ್ ಒಂದೇ ಹಿಂದಕ್ಕೆ ಓಡುತ್ತದೆ. ಗುಂಡು ಬ್ಯಾರೆಲ್ ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಸುಮಾರು ಸಾವಿರದ ಒಂದು ಭಾಗ. ಇಷ್ಟು ಸಣ್ಣ ಅವಧಿಯಲ್ಲಿ ಎಲ್ಲ ಸರಿಯಾದ ಕ್ರಮದಲ್ಲಿ ನಡೆಯಬೇಕು. 1911ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡ .45 ಪಿಸ್ತೂಲು ಇದೇ ಮಾದರಿಯದು. ಇವತ್ತಿನ ಬಹುತೇಕ ಪಿಸ್ತೂಲುಗಳೂ ಅದರ ಮೊಮ್ಮಕ್ಕಳೇ. ಇಶಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾಗುವ, ನಮ್ಮ ಸೇನೆಯ ಸೊಂಟದಲ್ಲಿ ದಶಕಗಳಿಂದ ಇರುವ 9 ಎಂಎಂ 1ಎ ಕೂಡ ಬ್ರೌನಿಂಗ್ ವಂಶದ್ದೇ.

ಈಗ ಒಂದು ಲೆಕ್ಕ. .45ರ ಗುಂಡು ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. 1980ರ ದಶಕದಲ್ಲಿ ಬಂದ 10 ಎಂಎಂ ಆಟೋ ಅನ್ನುವ ಕಾಟ್ರಿಜ್‌ನ ಗುಂಡು 13 ಗ್ರಾಂ, ವೇಗ ಸುಮಾರು 365 ಮೀಟರ್. ತೂಕವನ್ನು ವೇಗದಿಂದ ಗುಣಿಸಿ. ಎರಡನೆಯದರ ತಳ್ಳು ಸುಮಾರು ಕಾಲು ಭಾಗ ಜಾಸ್ತಿ. ಕಾಲು ಭಾಗ ತಾನೆ, ಏನು ಮಹಾ ಅನ್ನಿಸಬಹುದು. ಆದರೆ ಅದೇ ತೂಕದ ಸ್ಲೈಡ್ ಈಗ ಕಾಲು ಭಾಗ ಜಾಸ್ತಿ ವೇಗದಲ್ಲಿ ಹಿಂದಕ್ಕೆ ಬರುತ್ತದೆ. ಏಟಿನ ಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತದೆ. ಹಾಗಾಗಿ ಚೌಕಟ್ಟಿಗೆ ಬೀಳುವ ಏಟು ಒಂದೂವರೆ ಪಟ್ಟು ದಾಟುತ್ತದೆ. ಒಂದು ಸಲ ಅಲ್ಲ, ಪ್ರತಿ ಗುಂಡಿಗೂ.

"ಗಟ್ಟಿ ಸ್ಪ್ರಿಂಗ್ ಹಾಕಿದರೆ ಆಯ್ತಲ್ವಾ?" ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಪೂರ್ತಿ ಆಗುವುದಿಲ್ಲ. ಮೊದಲ ಕ್ಷಣದಲ್ಲಿ ಸ್ಲೈಡನ್ನು ಹಿಡಿದು ನಿಲ್ಲಿಸುವುದು ಅದರ ತೂಕ. ಸ್ಪ್ರಿಂಗ್‌ನ ಪಾಲು ಆ ಹೊತ್ತಿಗೆ ಬಹಳ ಕಡಿಮೆ. ಸ್ಪ್ರಿಂಗ್ ಆಮೇಲೆ ವೇಗ ತಗ್ಗಿಸುತ್ತದೆ, ನಿಜ. ಆದರೆ ಹಿಂದೆ ಬರುವಾಗ ನುಂಗಿದ್ದನ್ನು ಮುಂದೆ ಹೋಗುವಾಗ ಬಡ್ಡಿ ಸಮೇತ ಅಲ್ಲದಿದ್ದರೂ ಅಸಲಂತೂ ವಾಪಸ್ ಕೊಡುತ್ತದೆ. ಸ್ಲೈಡ್ ಮುಂದಕ್ಕೆ ಜೋರಾಗಿ ಬಡಿಯುತ್ತದೆ. ಗಾಳಿಗೆ ಬಾಗಿಲು ಬಡಿದುಕೊಳ್ಳುವ ಹಾಗೆ.

ಇನ್ನೊಂದು ಸೂಕ್ಷ್ಮ ಇದೆ. ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವಷ್ಟರಲ್ಲಿ ಮ್ಯಾಗಜೀನ್‌ನ ಸ್ಪ್ರಿಂಗ್ ಮುಂದಿನ ಕಾಟ್ರಿಜ್ಜನ್ನು ಮೇಲಕ್ಕೆ ಎತ್ತಿರಬೇಕು. ಓಡುವ ಬಸ್ಸಿಗೆ ಹತ್ತುವ ಹಾಗೆ, ಬಸ್ಸು ಬಂದಾಗ ಮೆಟ್ಟಿಲ ಹತ್ತಿರ ನಿಂತಿರಬೇಕು. ಸ್ಲೈಡ್‌ನ ವೇಗ ಹೆಚ್ಚಾದರೆ ಕಾಟ್ರಿಜ್ ಇನ್ನೂ ಅರ್ಧ ದಾರಿಯಲ್ಲಿ ಇರುವಾಗಲೇ ಬಸ್ಸು ಹೊರಟುಬಿಡುತ್ತದೆ. ಪಿಸ್ತೂಲು ಜಾಮ್. ಅಂದರೆ ಒಂದೇ ಒಂದು ಬಿಡಿಭಾಗ ಮುರಿಯದೆಯೂ ಪಿಸ್ತೂಲು ಕೈಕೊಡಬಹುದು.

ತಮಾಷೆ ಅಂದರೆ, ಕಾಟ್ರಿಜ್ ಸಣ್ಣದಾದರೂ ಇದೇ ಗೋಳು. 1930ರ ದಶಕದಲ್ಲಿ ಕೋಲ್ಟ್‌ನವರು ಅಗ್ಗದ .22 ಗುಂಡಿನಲ್ಲಿ ಅಭ್ಯಾಸ ಮಾಡಲು .45 ಪಿಸ್ತೂಲಿನ ತದ್ರೂಪು ಮಾಡಿದರು. .22ರ ಪುಟ್ಟ ಒದೆತಕ್ಕೆ ಭಾರದ ಸ್ಲೈಡ್ ಅಲ್ಲಾಡಬೇಕಲ್ಲ? ಡೇವಿಡ್ ಮಾರ್ಷಲ್ ವಿಲಿಯಮ್ಸ್ ಅನ್ನುವವರ ಉಪಾಯ ಕೆಲಸಕ್ಕೆ ಬಂತು. ಕಾಟ್ರಿಜ್ ಕೂರುವ ಕೋಣೆಯನ್ನೇ ಬ್ಯಾರೆಲ್‌ನಿಂದ ಬಿಡಿಸಿ, ಸ್ವಲ್ಪ ಹಿಂದಕ್ಕೆ ಜಾರುವ ಹಾಗೆ ಮಾಡಿದರು. ಗ್ಯಾಸು ಆ ಕೋಣೆಯ ಮೂತಿಗೂ ಒತ್ತುತ್ತದೆ, ಒದೆತ ಹಲವು ಪಟ್ಟು ಹೆಚ್ಚುತ್ತದೆ. ಚಿಕ್ಕ ಇಂಜಿನ್‌ಗೆ ಗೇರ್ ಜೋಡಿಸಿದ ಹಾಗೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಣತನ ಇದೇ.

ಹಾಗಾದರೆ ಬದಲಾವಣೆ ಯಾವಾಗ ಸುಲಭ? ಇದಕ್ಕೆ ಜರ್ಮನಿಯ ಲುಗರ್ ಪಿಸ್ತೂಲಿನಷ್ಟು ಒಳ್ಳೆಯ ಉದಾಹರಣೆ ಇಲ್ಲ. 1900ರಲ್ಲಿ ಸ್ವಿಟ್ಜರ್ಲೆಂಡ್ ಸೇನೆ ಅದನ್ನು ಒಪ್ಪಿಕೊಂಡಾಗ ಅದು 7.65 ಎಂಎಂ. ಆ ಕಾಟ್ರಿಜ್ ಬಾಟಲಿಯ ಆಕಾರದ್ದು, ಕತ್ತಿನ ಬಳಿ ಸಣ್ಣಗಾಗುವಂಥದ್ದು. ಇನ್ನೂ ದಪ್ಪ ಗುಂಡು ಬೇಕು ಅಂತ ಬೇಡಿಕೆ ಬಂದಾಗ ಗಿಯೋರ್ಗ್ ಲುಗರ್ ಬಾಟಲಿಯ ಕತ್ತನ್ನೇ ತೆಗೆದುಬಿಟ್ಟರು. ಕೊಳವೆ ನೆಟ್ಟಗಾಯಿತು, ಬಾಯಿಗೆ 9 ಎಂಎಂ ಗುಂಡು ಕೂತಿತು. ತಳ ಮಾತ್ರ ಹಾಗೇ ಇತ್ತು. ಕೊಳವೆಯನ್ನು ಹಿಡಿದೆಳೆಯುವ ಕೊಕ್ಕೆ ಹಿಡಿಯುವುದು ತಳವನ್ನು. ಮ್ಯಾಗಜೀನ್‌ನಲ್ಲಿ ಸಾಲಾಗಿ ಕೂರುವುದು ಹೊಟ್ಟೆಯ ದಪ್ಪದ ಮೇಲೆ. ಇವೆರಡೂ ಬದಲಾಗಲಿಲ್ಲವಾದ್ದರಿಂದ ಬ್ಯಾರೆಲ್ ಒಂದನ್ನು ಬದಲಿಸಿದರೆ ಮುಖ್ಯ ಕೆಲಸ ಮುಗಿಯಿತು. ಜರ್ಮನಿಯ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ಅದನ್ನು ತೆಗೆದುಕೊಂಡವು. ಲೋಕದ ತುಂಬ ಇವತ್ತು ಓಡಾಡುವ 9 ಎಂಎಂ ಹುಟ್ಟಿದ್ದು ಹೀಗೆ, ಒಂದು ಬಾಟಲಿಯ ಕತ್ತು ತೆಗೆದು.

1929ರ .38 ಸೂಪರ್ ಕೂಡ ಸರಿಯಾದ ಮನೆಯಲ್ಲಿ ಚೆನ್ನಾಗಿಯೇ ಬಾಳಿತು. ಕೋಲ್ಟ್‌ನವರು ಅದನ್ನು ಮಾಡಿದ್ದು 1911 ಮಾದರಿಯ ಗಟ್ಟಿ ಚೌಕಟ್ಟಿಗಾಗಿ. ಆ ಮಾದರಿಯಲ್ಲಿ ಸ್ಲೈಡ್ ಕಳಚುವುದು ಮುಂದಕ್ಕೆ, ಮುಖದ ಕಡೆ ಬರುವ ದಾರಿಯೇ ಇಲ್ಲ. ತಪ್ಪು ಆದದ್ದು ಹೊರಗಿನ ಅಳತೆಯನ್ನು ಹಾಗೇ ಬಿಟ್ಟದ್ದರಲ್ಲಿ. ಹಳೇ ಪಿಸ್ತೂಲು ಅಜ್ಜನ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ, ಮೊಮ್ಮಗ ಅಂಗಡಿಯಿಂದ ಹೊಸ ಡಬ್ಬಿ ತಂದೇ ತರುತ್ತಾನೆ. 1974ರಿಂದ ಸೂಪರ್‌ನ ತಳದ ಮೇಲೆ "+ಪಿ" ಗುರುತು, ಅಂದರೆ ಒತ್ತಡ ಜಾಸ್ತಿ ಅನ್ನುವ ಗುರುತು, ಒತ್ತುವ ರೂಢಿ ಬಂತು. ಗುರುತು ಓದುವವರಿಗೆ ಅದು ಸಾಕು. ಓದದವರಿಗೆ?

ಓದದವರಿಗಾಗಿ ಬೇರೆಯವರು ಒಳ್ಳೆಯ ದಾರಿ ಕಂಡುಕೊಂಡಿದ್ದರು. 1935ರಲ್ಲಿ ರಿವಾಲ್ವರ್‌ಗಳಿಗೆ .357 ಮ್ಯಾಗ್ನಂ ಬಂದಾಗ ಅದರ ಕೊಳವೆಯನ್ನು ಹಳೇ .38 ಸ್ಪೆಷಲ್‌ಗಿಂತ ಸುಮಾರು 3 ಮಿಲಿಮೀಟರ್ ಉದ್ದ ಮಾಡಿದರು. ಹಳೇ ರಿವಾಲ್ವರ್‌ಗೆ ತುರುಕಿದರೆ ಕೂರುವುದೇ ಇಲ್ಲ. ಅಕ್ಷರ ಬೇಡ, ಎಚ್ಚರಿಕೆ ಫಲಕ ಬೇಡ. .460 ರೋಲಂಡ್ ಅನ್ನುವ ಕಾಟ್ರಿಜ್ ಕೂಡ ಇದೇ ಜಾಡಿನದು. .45 ಪಿಸ್ತೂಲಿನಿಂದ ಮ್ಯಾಗ್ನಂ ರಿವಾಲ್ವರ್‌ನ ಜೋರು ತೆಗೆಯಬೇಕು ಅನ್ನುವ ಹಟದಿಂದ ಹುಟ್ಟಿದ್ದು. ಅದರ ಕೊಳವೆ .45ಗಿಂತ ಒಂದೂವರೆ ಮಿಲಿಮೀಟರ್ ಉದ್ದ. ತುದಿಯ ಗುಂಡನ್ನು ಒಳಗೆ ತಳ್ಳಿ ಕೂರಿಸುವುದರಿಂದ ಒಟ್ಟು ಉದ್ದ ಅಷ್ಟೇ ಉಳಿಯುತ್ತದೆ, ಅದೇ ಮ್ಯಾಗಜೀನ್ ಸಾಕಾಗುತ್ತದೆ. ಆದರೆ ಬ್ಯಾರೆಲ್ ಬೇರೆಯೇ ಬೇಕು. ಮೂತಿಗೆ ಕಾಂಪೆನ್ಸೇಟರ್ ಅನ್ನುವ ತೂತುಗಳ ಗಡ್ಡೆ ಬೇಕು. ಅದು ಗ್ಯಾಸನ್ನು ಮೇಲಕ್ಕೂ ಪಕ್ಕಕ್ಕೂ ತಿರುಗಿಸಿ ಒದೆತವನ್ನು ಇಳಿಸುತ್ತದೆ. ಅದನ್ನು ತೆಗೆದಿಟ್ಟು ಹಾರಿಸಿದರೆ ಪಿಸ್ತೂಲು ಹೆಚ್ಚು ಕಾಲ ಬಾಳುವುದಿಲ್ಲ. ಮನೆಯ ಹಿತ್ತಲಲ್ಲಿ ಸುಮ್ನೆ ಕೂತು ಮಾಡುವ ಕೆಲಸ ಇದಲ್ಲ. ಒತ್ತಡ ಅಳೆಯುವ ಸಾಧನ ಇಟ್ಟುಕೊಂಡವರು ಮಾಡಬೇಕಾದದ್ದು.

ಜನ ಇಷ್ಟೆಲ್ಲ ಪಾಡು ಯಾಕೆ ಪಡುತ್ತಾರೆ? ಕೆಲವರಿಗೆ ಕರಡಿ ಇರುವ ಕಾಡಿನಲ್ಲಿ ಓಡಾಡಬೇಕು. ಕೆಲವರಿಗೆ ಬರಿ ಶೋಕಿ. ಆದರೆ ಹೆಚ್ಚು ಸ್ವಾರಸ್ಯ ಇರುವುದು ಸ್ಪರ್ಧೆಗಳಲ್ಲಿ. ವೇಗವಾಗಿ ಗುರಿ ಹೊಡೆಯುವ ಪಂದ್ಯಗಳಲ್ಲಿ ಪವರ್ ಫ್ಯಾಕ್ಟರ್ ಅನ್ನುವ ಲೆಕ್ಕ ಇದೆ. ಗುಂಡಿನ ತೂಕ ಗ್ರೇನ್‌ನಲ್ಲಿ (ಒಂದು ಗ್ರಾಂಗೆ ಸುಮಾರು ಹದಿನೈದು ಗ್ರೇನ್), ವೇಗ ಸೆಕೆಂಡಿಗೆ ಅಡಿಯಲ್ಲಿ, ಗುಣಿಸಿ ಸಾವಿರದಿಂದ ಭಾಗಿಸಿ. 1980ರ ದಶಕದಲ್ಲಿ ಅದು 175 ದಾಟಿದರೆ "ಮೇಜರ್", ಅಂಚಿಗೆ ಬಿದ್ದ ಏಟಿಗೂ ಜಾಸ್ತಿ ಅಂಕ. .45ರ 230 ಗ್ರೇನ್ ಗುಂಡು 761 ಅಡಿ ವೇಗದಲ್ಲೇ ಅಲ್ಲಿಗೆ ತಲುಪುತ್ತದೆ, ಆರಾಮಾಗಿ. 115 ಗ್ರೇನ್‌ನ ಹಗುರ ಗುಂಡು ತಲುಪಬೇಕಾದರೆ 1,520 ಅಡಿ ದಾಟಬೇಕು. ಹಾಗಿದ್ದೂ ಸ್ಪರ್ಧಿಗಳು .38 ಸೂಪರ್ ಕಡೆ ಹೋದರು. ಕಾರಣ ಚೆಂದದ್ದು. ವೇಗಕ್ಕೆ ಮದ್ದು ಜಾಸ್ತಿ ಬೇಕು, ಮದ್ದು ಜಾಸ್ತಿ ಆದರೆ ಗ್ಯಾಸು ಜಾಸ್ತಿ, ಗ್ಯಾಸು ಜಾಸ್ತಿ ಆದರೆ ಕಾಂಪೆನ್ಸೇಟರ್‌ಗೆ ಕೆಲಸ ಜಾಸ್ತಿ, ಮೂತಿ ಮೇಲೇಳುವುದೇ ಇಲ್ಲ. ಜೊತೆಗೆ ಮ್ಯಾಗಜೀನ್‌ನಲ್ಲಿ ಒಂದೆರಡು ಕಾಟ್ರಿಜ್ ಹೆಚ್ಚು ಹಿಡಿಯುತ್ತದೆ.

ಬೆಲೆ ತೆತ್ತದ್ದು ಹಿತ್ತಾಳೆ. ಆಸರೆ ತಪ್ಪಿದ ಆ ಇಳಿಜಾರಿನ ಜಾಗದಲ್ಲಿ ಕೊಳವೆಗಳು ಒಡೆಯತೊಡಗಿದವು. ಕರಿ ಗ್ಯಾಸು, ಹಿತ್ತಾಳೆ ಚೂರು ಮುಖಕ್ಕೆ ಬಡಿಯುತ್ತಿದ್ದವು. ಸ್ಪರ್ಧಿಗಳ ನಡುವೆ ಅದಕ್ಕೆ "ಸೂಪರ್ ಫೇಸ್" ಅಂತ ಹೆಸರೇ ಬಿತ್ತು. ಆಮೇಲೆ ಇಳಿಜಾರನ್ನು ಬ್ಯಾರೆಲ್‌ಗೇ ಸೇರಿಸಿ, ತಳಕ್ಕೆ ಪೂರ್ತಿ ಆಸರೆ ಕೊಡುವ ಬ್ಯಾರೆಲ್‌ಗಳು ಸಾಮಾನ್ಯವಾದವು.

ನಮ್ಮಲ್ಲಿ ಈ ಆಟಕ್ಕೆಲ್ಲ ಜಾಗವೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ಬ್ಯಾರೆಲ್ ರಂಧ್ರದ ಅಳತೆ). ಸಾಮಾನ್ಯ ಲೈಸೆನ್ಸ್‌ದಾರರ ಪಿಸ್ತೂಲು ಅಂದರೆ ಹೆಚ್ಚಾಗಿ .32. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು ಮಾತ್ರ ಅಲ್ಲ, ಮಾರ್ಪಡಿಸುವುದು, ರಿಪೇರಿ ಮಾಡುವುದು ಕೂಡ ಅಪರಾಧ. ಅಮೆರಿಕದಲ್ಲಿರುವ ನಮ್ಮವರಿಗೆ ಬ್ಯಾರೆಲ್ ಅಂಗಡಿಯಲ್ಲಿ ಸಿಗುವ ವಸ್ತು. ಇಲ್ಲಿ ಅದು ಜೈಲಿನ ದಾರಿ.

ಇನ್ನು ದೊಡ್ಡ ಕಥೆಗೆ ಬರೋಣ. 1983ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಡೋರ್ನಾಸ್ ಆ್ಯಂಡ್ ಡಿಕ್ಸನ್ ಅನ್ನುವ ಪುಟ್ಟ ಕಂಪನಿ ಬ್ರೆನ್ ಟೆನ್ ಅನ್ನುವ ಪಿಸ್ತೂಲು ತಂದಿತು. ಆಗಲೇ ಲೆಕ್ಕ ಹಾಕಿದೆವಲ್ಲ, ಆ 10 ಎಂಎಂ ಆಟೋ ಹುಟ್ಟಿದ್ದು ಇದಕ್ಕಾಗಿ. ಕಾಟ್ರಿಜ್ ಮಾಡಿಕೊಟ್ಟದ್ದು ಸ್ವೀಡನ್ನಿನ ನೋರ್ಮಾ. ಪಿಸ್ತೂಲು ಗ್ರಾಹಕರ ಕೈಸೇರಿತು, ಎಷ್ಟೋ ಜನಕ್ಕೆ ಮ್ಯಾಗಜೀನ್ ಸಿಗಲಿಲ್ಲ. ಮದುವೆಗೆ ಎಲ್ಲ ಬಂದರು, ವರ ಬರಲಿಲ್ಲ ಅನ್ನುವ ಹಾಗೆ. 1986ರಲ್ಲಿ ಕಂಪನಿ ಮುಚ್ಚಿತು. ಕಾಟ್ರಿಜ್ ಅನಾಥವಾಯಿತು.

ಅದನ್ನು ಎತ್ತಿಕೊಂಡದ್ದು ಕೋಲ್ಟ್. 1987ರಲ್ಲಿ ತನ್ನ ಹಳೇ 1911 ಮಾದರಿಗೇ 10 ಎಂಎಂ ಹಾಕಿ ಡೆಲ್ಟಾ ಎಲೀಟ್ ಅಂತ ಹೆಸರಿಟ್ಟಿತು. ಮೇಲೆ ಹೇಳಿದ ಒಂದೂವರೆ ಪಟ್ಟಿನ ಏಟು ನೆನಪಿದೆಯಲ್ಲ? ಅದು ಬಿದ್ದದ್ದು ಈ ಚೌಕಟ್ಟಿನ ಮೇಲೆ. ಸ್ಲೈಡ್ ಜಾರುವ ಹಳಿಯ ಕೆಳಗೆ ಒಂದು ತೂತು ಇರುತ್ತದೆ, ಸ್ಲೈಡ್ ತಡೆಯುವ ಪಿನ್ನಿಗಾಗಿ. ಅದರ ಮೇಲಿನ ಹಳಿ ಬರಿ ಸಣ್ಣ ಸೇತುವೆಯ ಹಾಗೆ ಉಳಿದಿರುತ್ತದೆ. ಬಿರುಕು ಸರಿಯಾಗಿ ಅಲ್ಲೇ ಬಂತು. ಕೋಲ್ಟ್‌ನವರು ಮಾಡಿದ ಪರಿಹಾರ ನೋಡಿ. ಆ ಸೇತುವೆಯನ್ನು ದಪ್ಪ ಮಾಡಲಿಲ್ಲ. ಆ ತುಂಡನ್ನೇ ಕತ್ತರಿಸಿ ತೆಗೆದುಬಿಟ್ಟರು. ಇಲ್ಲದ್ದು ಬಿರುಕು ಬಿಡುವುದಿಲ್ಲ! ನಗು ಬರುತ್ತದೆ, ಆದರೆ ಇದು ಸರಿಯಾದ ಇಂಜಿನಿಯರಿಂಗ್. ಆ ತುಂಡಿನ ಮೇಲೆ ಭಾರವೇ ಇರಲಿಲ್ಲ, ಬಿರುಕಿಗೆ ಅದು ಬರಿ ಆಹ್ವಾನವಾಗಿತ್ತು.

ಅಷ್ಟರಲ್ಲಿ ಮಯಾಮಿಯಲ್ಲಿ ಒಂದು ದುರಂತ ನಡೆದಿತ್ತು. 1986ರ ಏಪ್ರಿಲ್ 11ರಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಎಂಟು ಏಜೆಂಟರು ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದರು. ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ದರೋಡೆಕೋರರೂ ಸತ್ತರು. ಒಬ್ಬನಿಗೆ ಆರಂಭದಲ್ಲೇ ಬಿದ್ದ 9 ಎಂಎಂ ಗುಂಡು ಹೃದಯದ ಹತ್ತಿರ ಬಂದು ನಿಂತುಬಿಟ್ಟಿತ್ತು, ಆತ ಅದಾದ ಮೇಲೂ ಗುಂಡು ಹಾರಿಸುತ್ತಲೇ ಇದ್ದ. ಅವನ ಕೈಯಲ್ಲಿ ರೈಫಲ್ ಇತ್ತು, ಏಜೆಂಟರ ಬಳಿ ಹೆಚ್ಚಾಗಿ ಕೈಬಂದೂಕು. ಆದರೂ ಬೈಗುಳವೆಲ್ಲ ಆ ಒಂದು ಗುಂಡಿನ ತಲೆಗೆ ಬಂತು. ನನ್ನ ಮಟ್ಟಿಗೆ ಇದು ಅರ್ಧ ನ್ಯಾಯ.

ಎಫ್‌ಬಿಐ ಪರೀಕ್ಷೆ ನಡೆಸಿ 10 ಎಂಎಂ ಆರಿಸಿಕೊಂಡಿತು. ಆದರೆ ನೋರ್ಮಾದ ಪೂರ್ತಿ ಜೋರು ಬೇಡ ಅನ್ನಿಸಿತು. 180 ಗ್ರೇನ್ ಗುಂಡು, ಸೆಕೆಂಡಿಗೆ 290 ಮೀಟರ್ ಆಸುಪಾಸು, ಅಷ್ಟು ಸಾಕು. ಸ್ಮಿತ್ ಆ್ಯಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳವರು ಆಗ ಒಂದು ಸರಳ ವಿಷಯ ಗಮನಿಸಿದರು. ಮದ್ದು ಕಡಿಮೆ ಆದರೆ ಕೊಳವೆಯೊಳಗೆ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ಕೊಳವೆ ಕತ್ತರಿಸಿದರಾಯಿತು. 25.2 ಮಿಲಿಮೀಟರ್ ಇದ್ದದ್ದನ್ನು 21.6ಕ್ಕೆ ಇಳಿಸಿದರು. 1990ರ ಜನವರಿಯಲ್ಲಿ .40 ಎಸ್ ಆ್ಯಂಡ್ ಡಬ್ಲ್ಯು ಬಂತು. ಒಟ್ಟು ಉದ್ದ 9 ಎಂಎಂನಷ್ಟೇ ಆದ್ದರಿಂದ 9 ಎಂಎಂ ಪಿಸ್ತೂಲಿನ ಹಿಡಿಯಲ್ಲೇ ಅದು ಹಿಡಿಸಿತು. ಗ್ಲಾಕ್ ಕಂಪನಿ ತನ್ನ 9 ಎಂಎಂ ಮಾದರಿಯ ಅಳತೆಯಲ್ಲೇ .40 ಮಾಡಿ ಮಾರಿತು. ಪೊಲೀಸ್ ಇಲಾಖೆಗಳು ಮುಗಿಬಿದ್ದವು.

ಹಿಡಿಯಿತು ಅಂದ ಮಾತ್ರಕ್ಕೆ ಬಾಳಿತು ಅಂತಲ್ಲ. ಸಿಗ್ ಸಾವರ್‌ನ ಪಿ228 ಅನ್ನುವ ಒಳ್ಳೆಯ 9 ಎಂಎಂ ಪಿಸ್ತೂಲಿನ ಸ್ಲೈಡನ್ನು ಉಕ್ಕಿನ ತಗಡು ಮಡಚಿ ಮಾಡುತ್ತಿದ್ದರು. .40ಗೆ ಅದು ಸಾಲದಾಯಿತು. ಇಡೀ ಸ್ಟೇನ್‌ಲೆಸ್ ಉಕ್ಕಿನ ಗಟ್ಟಿಯಿಂದ ಕೊರೆದ ಭಾರದ ಸ್ಲೈಡ್ ಹಾಕಬೇಕಾಯಿತು. ಹಾಗೆ ಹುಟ್ಟಿದ್ದು ಪಿ229. ಮತ್ತೆ ಅದೇ ಮಾತು, ಸ್ಪ್ರಿಂಗ್ ಅಲ್ಲ, ತೂಕ. 1994ರಲ್ಲಿ ಸಿಗ್‌ನವರು .357 ಸಿಗ್ ತಂದಾಗ ಮಾತ್ರ ಲುಗರ್ ಮಾಡಿದ್ದನ್ನೇ ಉಲ್ಟಾ ಮಾಡಿದರು. .40ರಂಥ ಕೊಳವೆಗೆ ಬಾಟಲಿಯ ಕತ್ತು ಕೊಟ್ಟು ಸಣ್ಣ ಗುಂಡು ಕೂರಿಸಿದರು. ತಳ ಅದೇ, ಮ್ಯಾಗಜೀನ್ ಅದೇ, ಬ್ಯಾರೆಲ್ ಮಾತ್ರ ಬೇರೆ.

ಇಷ್ಟೆಲ್ಲ ಆದ ಮೇಲೆ 9 ಎಂಎಂ ಗುಂಡುಗಳೇ ಸುಧಾರಿಸಿದವು. ಒಳಹೊಕ್ಕು ಅರಳುವ ಗುಂಡುಗಳು ಹೆಚ್ಚು ಭರವಸೆಯವಾದವು. .40ರ ಒದೆತಕ್ಕೆ ಏಜೆಂಟರ ಗುರಿ ತಪ್ಪುತ್ತಿತ್ತು, ಪಿಸ್ತೂಲುಗಳು ಬೇಗ ಸವೆಯುತ್ತಿದ್ದವು. 2016ರಲ್ಲಿ ಎಫ್‌ಬಿಐ ಮತ್ತೆ 9 ಎಂಎಂ ಗ್ಲಾಕ್‌ಗಳಿಗೆ ಆರ್ಡರ್ ಕೊಟ್ಟಿತು. ಬೇರೆ ಇಲಾಖೆಗಳೂ ಹಿಂದೆಯೇ ಬಂದವು. ಪೊಲೀಸರು ಕೈಬಿಟ್ಟ .40 ಪಿಸ್ತೂಲುಗಳು ಅಮೆರಿಕದ ಅಂಗಡಿಗಳಲ್ಲಿ ಅಗ್ಗಕ್ಕೆ ಬಂದು ಬಿದ್ದವು. ಕೊಂಡವರಲ್ಲಿ ಎಷ್ಟೋ ಜನ ಈಗ ಅವಕ್ಕೆ 9 ಎಂಎಂ ಬ್ಯಾರೆಲ್ ಹಾಕಿಕೊಳ್ಳುತ್ತಾರೆ. ಹೊರಗಿನ ಅಳತೆ .40ರದ್ದೇ ಇರುವ, ಒಳಗೆ ಸಣ್ಣ ರಂಧ್ರದ ಬ್ಯಾರೆಲ್. ಸ್ಲೈಡ್ ಬೇಕಾದ್ದಕ್ಕಿಂತ ತುಸು ಭಾರ, ಹಾಗಾಗಿ ಒದೆತ ಇನ್ನೂ ಮೆತ್ತಗೆ.